ಸಂಬಳವಿಲ್ಲದ ಆನ್‌ಲೈನ್ ಕೆಲಸದಲ್ಲಿ ಯಾರಿಗೂ ಬೇಡವಾದದ್ದನ್ನು ಯಾರ ಕೈಲಿ, ಹೇಗೆ ಮಾಡಿಸುವುದು?

ಸರ್ಟಿಫಿಕೇಟ್ ಕೊಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನೀವು ಕೇಳಿದ್ದು ಇದು: ಕನ್ನಡ ವಿಕಿಪೀಡಿಯ, ಮತ್ತು ಅದರ ಜೊತೆಯ ಉಚಿತ ಆನ್‌ಲೈನ್ ಗ್ರಂಥಾಲಯವಾದ ವಿಕಿಸೋರ್ಸ್‌ಗೆ ಅಂತ ಇಪ್ಪತ್ತೈದು ಜನರ ತಂಡ ಕಟ್ಟಿದ್ದೀರಿ. ಹೊಸ ಲೇಖನ ಬರೆಯೋಣ ಅಂದರೆ ವಾಟ್ಸಾಪ್ ಗುಂಪಿನಲ್ಲಿ ಹದಿನೈದು ಜನ ಕೈ ಎತ್ತುತ್ತಾರೆ. ಕರಡು ತಿದ್ದಬೇಕು, ಉಲ್ಲೇಖ ಹುಡುಕಬೇಕು, ವರ್ಗ ಸರಿಪಡಿಸಬೇಕು ಅಂದ ತಕ್ಷಣ ಎಲ್ಲರ ಮನೆಯಲ್ಲೂ ಮದುವೆ, ಎಲ್ಲರ ಮಗುವಿಗೂ ಜ್ವರ. ಸರ್ಟಿಫಿಕೇಟು, ಟೀ ಶರ್ಟು ಕೊಟ್ಟರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯವನು. ಪಿ.ಜೆ. ಬಡಾವಣೆಯಲ್ಲಿ ಚಿಕ್ಕದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ವರ್ಷಕ್ಕೊಮ್ಮೆ ಯಾರದಾದರೂ ಅಭಿನಂದನ ಗ್ರಂಥ. ಬಿಡುವಿನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು, ಅಂದರೆ ಲೇಖಕರು ತೀರಿಕೊಂಡು 60 ವರ್ಷ ದಾಟಿದಂಥವನ್ನು, ವಿಕಿಸೋರ್ಸ್‌ಗೆ ಏರಿಸುವ ಎಂಟು-ಹತ್ತು ಜನರ ಗುಂಪು ನಮ್ಮದು. ಅದರಲ್ಲಿ ಶೇಕಡಾ ತೊಂಬತ್ತು ಪಾಲು ಯಾರಿಗೂ ಬೇಡದ ಕೆಲಸವೇ.

ನಮ್ಮ ಕಡೆ ಜಾತ್ರೆಯಲ್ಲಿ, ಮಠದ ದಾಸೋಹದಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಪಾಯಸದ ಬಕೆಟ್ ಹಿಡಿಯಲು ಹುಡುಗರು ಕಿತ್ತಾಡುತ್ತಾರೆ. ಎಲೆ ಎತ್ತಲು ಕರೆದರೆ, ಕೈ ತೊಳೆದುಕೊಂಡು ಬಂದೆ ಅಂತ ಹೋದವನು ಹೋದನೇ. ಬಡಿಸುವವನ ಮುಖ ಊರಿಗೆಲ್ಲ ಕಾಣುತ್ತದೆ, ಎಲೆ ಎತ್ತುವವನದು ಬೆನ್ನು ಮಾತ್ರ. ಆದರೂ ಎಲೆ ಏಳದೆ ನಿಂತುಹೋದ ದಾಸೋಹವನ್ನು ನಾನು ನೋಡಿಲ್ಲ. 'ಕಾಯಕವೇ ಕೈಲಾಸ' ಅಂತ ಗೋಡೆ ಮೇಲೆ ಬರೆಸಿದ್ದಾರಲ್ಲ, ಅದರ ಮಹಿಮೆ ಅಂದುಕೊಳ್ಳಬೇಡಿ. ಬಾಗಿಲಲ್ಲಿ ಮುಂದಿನ ಪಂಕ್ತಿ ಕಾಯುತ್ತಾ ನಿಂತಿರುತ್ತದೆ, ಹಸಿದ ಮಕ್ಕಳು ರಚ್ಚೆ ಹಿಡಿದಿರುತ್ತವೆ. ಅದನ್ನು ನೋಡಲಾಗದೆ ಯಾರಾದರೊಬ್ಬ ಪಂಚೆ ಎತ್ತಿಕಟ್ಟಿ ಬಗ್ಗೇ ಬಗ್ಗುತ್ತಾನೆ.

ಆನ್‌ಲೈನಿನಲ್ಲಿ ಆ ಬಾಗಿಲೇ ಕಾಣುವುದಿಲ್ಲ. '4,000 ಲೇಖನಗಳಿಗೆ ಉಲ್ಲೇಖ ಬೇಕು' ಅಂತ ಒಂದು ಪಟ್ಟಿ ಇರುತ್ತದೆ. ಹತ್ತು ತೆಗೆದರೆ 3,990. ಯಾರು ಕಾಯುತ್ತಿದ್ದಾರೆ? ಯಾರೂ ಇಲ್ಲ. ಯಾವಾಗ ಮುಗಿಯುತ್ತದೆ? ಮುಗಿಯುವುದಿಲ್ಲ. ಅಂಥ ಕೆಲಸ ಮಾಡಲಿಲ್ಲ ಅಂತ ನಿಮ್ಮ ಹುಡುಗರನ್ನು ಸೋಮಾರಿಗಳು ಅನ್ನುವುದು ಅನ್ಯಾಯ.

ಈಗ ಸರ್ಟಿಫಿಕೇಟಿನ ಕಥೆ. ಒಂದು ಕಾಲೇಜಿನವರ ಜೊತೆ ಸೇರಿ ಸ್ಪರ್ಧೆ ಇಟ್ಟೆವು. ಐವತ್ತು ಪುಟ ಕರಡು ತಿದ್ದಿದವರಿಗೆ ಪ್ರಮಾಣಪತ್ರ, ಹೆಚ್ಚು ಪುಟ ಮಾಡಿದವರಿಗೆ ಬಹುಮಾನ. ಹತ್ತೇ ದಿನದಲ್ಲಿ ಆರುನೂರು ಚಿಲ್ಲರೆ ಪುಟ ಆದವು. ಆ ಖುಷಿಗೆ ಎಲ್ಲರೂ ಹೋಗಿ ಬೆಣ್ಣೆದೋಸೆ ತಿಂದು ಬಂದೆವು. ಸೋಮವಾರ ಒಂದು ಪುಟ ತೆರೆದು ನೋಡಿದೆ. 'ಸ್ವಾಮಿ' ಇರಬೇಕಾದಲ್ಲೆಲ್ಲ 'ಸ್ವಾವಿು'. ಹಳೆಯ ಮುದ್ರಣದಲ್ಲಿ 'ಮಿ' ಅಕ್ಷರ ಹಾಗೇ ಕಾಣುತ್ತದೆ, ಪುಟದ ಚಿತ್ರ ನೋಡಿ ಅಕ್ಷರಕ್ಕೆ ಇಳಿಸುವ ಓಸಿಆರ್ ತಂತ್ರಾಂಶ ಕಂಡದ್ದನ್ನು ಒಪ್ಪಿಸಿದೆ, ಹುಡುಗರು ಅದನ್ನು ಓದದೆ 'ಉಳಿಸು' ಒತ್ತಿದ್ದಾರೆ. ಮುಂದಿನ ಪುಟವೂ ಹಾಗೇ, ಅದರ ಮುಂದಿನದೂ ಹಾಗೇ. ಎಲ್ಲವನ್ನೂ 'ಇನ್ನೂ ತಿದ್ದಿಲ್ಲ' ಅನ್ನುವ ಪಟ್ಟಿಗೆ ವಾಪಸ್ ತಂದು ಮತ್ತೆ ತಿದ್ದಲು ನಮಗೆ ಮೂರು ತಿಂಗಳು ಹಿಡಿಯಿತು. ಮಕ್ಕಳದ್ದು ತಪ್ಪಿಲ್ಲ. ನಾವು ಕೇಳಿದ್ದು ಪುಟದ ಲೆಕ್ಕ, ಅವರು ಕೊಟ್ಟದ್ದೂ ಲೆಕ್ಕವೇ.

ಹಾಗಂತ ಮೆಚ್ಚುಗೆಗೆ ಬೆಲೆಯೇ ಇಲ್ಲ ಅನ್ನುತ್ತಿಲ್ಲ. ವಿಕಿಪೀಡಿಯದಲ್ಲಿ ಬಾರ್ನ್‌ಸ್ಟಾರ್ ಅಂತ ಒಂದು ಪದ್ಧತಿ ಇದೆ. ಒಬ್ಬ ಸಂಪಾದಕ ಇನ್ನೊಬ್ಬರ ಚರ್ಚೆ ಪುಟದಲ್ಲಿ ಒಂದು ನಕ್ಷತ್ರದ ಚಿತ್ರ ಅಂಟಿಸಿ 'ಚೆನ್ನಾಗಿ ಮಾಡಿದ್ದೀರಿ' ಅನ್ನುವುದು, ಅಷ್ಟೇ. ಮೈಕೆಲ್ ರೆಸ್ಟಿವೋ ಮತ್ತು ಆರ್ನೌಟ್ ವ್ಯಾನ್ ಡೆ ರೈಟ್ ಎಂಬ ಸಮಾಜವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತಿ ಹೆಚ್ಚು ದುಡಿಯುವ ಶೇಕಡಾ 1ರಷ್ಟು ಸಂಪಾದಕರಲ್ಲಿ ಕೆಲವರಿಗೆ ಹಾಗೇ ಸುಮ್ಮನೆ ಈ ನಕ್ಷತ್ರ ಕೊಟ್ಟರು. ಮುಂದಿನ 90 ದಿನ ಅವರು, ನಕ್ಷತ್ರ ಸಿಗದ ಅವರ ಸಮಾನರಿಗಿಂತ ಶೇಕಡಾ 60ರಷ್ಟು ಹೆಚ್ಚು ಕೆಲಸ ಮಾಡಿದರು. ಇದನ್ನು ಓದಿ ನಕ್ಷತ್ರ ಹಂಚಲು ಹೊರಡಬೇಡಿ. ಅವರೇ ಮುಂದೆ ಇನ್ನಷ್ಟು ಕೆಳಗಿನ ಹಂತದವರ ಮೇಲೆ ಇದನ್ನೇ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ. ಮೊದಲೇ ಓಡುತ್ತಿದ್ದ ಎತ್ತಿಗೆ ಬೆನ್ನು ತಟ್ಟಿದರೆ ಇನ್ನೂ ಓಡುತ್ತದೆ. ಕೂತ ಎತ್ತಿಗೆ ತಟ್ಟಿದರೆ ಬಾಲ ಬೀಸುತ್ತದೆ.

ನಮ್ಮಲ್ಲಿ ನಡೆದದ್ದು ಮುಯ್ಯಾಳು ಲೆಕ್ಕ. ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇವತ್ತು ನಿಮ್ಮ ಹೊಲದಲ್ಲಿ ನಾನು ಕಳೆ ತೆಗೆದರೆ ನಾಳೆ ನನ್ನ ಹೊಲಕ್ಕೆ ನೀವು ಬರಬೇಕು, ಕೂಲಿ ಇಲ್ಲ. ಕಳೆ ತೆಗೆಯುವುದನ್ನು ಇಷ್ಟಪಟ್ಟು ಮಾಡುವವರು ಯಾರಿದ್ದಾರೆ? ಆದರೆ ಮುಯ್ಯಿ ತೀರಿಸದೆ ಊರಲ್ಲಿ ತಲೆ ಎತ್ತಿಕೊಂಡು ಓಡಾಡುವುದು ಕಷ್ಟ.

ವಿಕಿಸೋರ್ಸ್‌ನ ಬಣ್ಣಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಎರಡನೆಯವರು ಮೂಲ ಚಿತ್ರದ ಪಕ್ಕ ಇಟ್ಟು ಮತ್ತೆ ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರಿಗೇ ಹಸಿರಿನ ಗುಂಡಿ ಸಿಗುವುದಿಲ್ಲ, ತಂತ್ರಾಂಶವೇ ಬಿಡುವುದಿಲ್ಲ. ಹಾಗಾಗಿ ಎಲ್ಲ ಕಡೆ ಹಳದಿ ರಾಶಿ ಬೀಳುತ್ತದೆ. ತನ್ನ ಪುಟ ತಿದ್ದಲು ಹೇಗೋ ಮನಸ್ಸು ಬರುತ್ತದೆ, ಇನ್ನೊಬ್ಬ ತಿದ್ದಿಟ್ಟದ್ದರಲ್ಲಿ ಉಳಿದ ಒಂದೆರಡು ತಪ್ಪು ಹೆಕ್ಕಲು ಬರುವುದಿಲ್ಲ. ನಮ್ಮಲ್ಲೂ ಒಂದಿಡೀ ಪುಸ್ತಕ ಹಳದಿಯಾಗಿ ವರ್ಷ ಕೂತಿತ್ತು.

ನಾನು ಜೋಡಿ ಮಾಡಿದೆ. ಹರಿಹರದ ಒಬ್ಬ ನಿವೃತ್ತ ಟೀಚರ್‌ಗೆ, ವಿದ್ಯಾನಗರದಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುವ ಹುಡುಗ ಜೋಡಿ. ವಾರಕ್ಕೆ ಐದು ಪುಟ ಅವರು ತಿದ್ದುತ್ತಾರೆ, ಐದು ಇವನು. ಭಾನುವಾರದೊಳಗೆ ಒಬ್ಬರದನ್ನು ಒಬ್ಬರು ಹಸಿರು ಮಾಡಬೇಕು. ಬೇರೆ ನಿಯಮ ಇಲ್ಲ. ಮೊದಲ ವಾರ ಹುಡುಗ ಕೈಕೊಟ್ಟ. ಶನಿವಾರ ರಾತ್ರಿ ಟೀಚರ್ ಫೋನ್ ಮಾಡಿ, "ಏನಪ್ಪಾ, ನನ್ನ ಪುಟ ಹಳದೀಲೇ ಐತಲ್ಲೋ, ಪರೀಕ್ಷೆ ಇತ್ತಾ?" ಅಂದರಂತೆ. ಬೈಯಲಿಲ್ಲ, ಅಷ್ಟೇ ಕೇಳಿದ್ದು. ಹುಡುಗ ರಾತ್ರಿ ಹನ್ನೆರಡಕ್ಕೆ ಐದೂ ಮುಗಿಸಿ ಮಲಗಿದ. ಅದನ್ನು ಅವನೇ ನನಗೆ ಹೇಳಿದ್ದು, "ಸಾರ್, ನೀವು ಗ್ರೂಪಲ್ಲಿ ಹತ್ತು ಸಲ ಹಾಕಿದ್ರೂ ನಾನು ನೋಡಲ್ಲ. ಅವರು ಕಾಯ್ತಾ ಕೂತಿರ್ತಾರೆ ಅಂದ್ರೆ ನಿದ್ದೆ ಬರಲ್ಲ."

ಇದು ನನ್ನ ಆವಿಷ್ಕಾರ ಏನಲ್ಲ. ಇಂಗ್ಲಿಷ್ ವಿಕಿಪೀಡಿಯದ ಮುಖಪುಟದಲ್ಲಿ 'ನಿಮಗಿದು ಗೊತ್ತೇ' ಥರದ ಒಂದು ಅಂಕಣ ಇದೆ. ಅಲ್ಲಿ ತಮ್ಮ ಲೇಖನ ಬರಲಿ ಅಂತ ಎಲ್ಲರಿಗೂ ಆಸೆ, ಬಂದ ಅರ್ಜಿ ಪರಿಶೀಲಿಸಲು ಯಾರೂ ಇಲ್ಲ. ಕೊನೆಗೆ ಅವರು ಮಾಡಿಕೊಂಡ ನಿಯಮವೂ ಮುಯ್ಯಿಯೇ: ಮೊದಲೇ ಐದು ಅರ್ಜಿ ಹಾಕಿದ ಅನುಭವ ಇರುವವರು ಇನ್ನೊಂದು ಹಾಕಬೇಕಾದರೆ ಬೇರೆಯವರದೊಂದನ್ನು ಪರಿಶೀಲಿಸಿಕೊಡಬೇಕು.

ಮುಯ್ಯಿಗೆ ಮುಂಚೆ ಇನ್ನೊಂದು ಕೆಲಸ ಇದೆ, ನೀವು ಮಾಡಿರಲಿಕ್ಕಿಲ್ಲ. ಅದು ಮನುಷ್ಯರೇ ಮಾಡಬೇಕಾದ ಕೆಲಸವಾ ಅಂತ ನೋಡುವುದು. ಒಂದು ಉದಾಹರಣೆ ತೋರಿಸುತ್ತೇನೆ. 'ಬೆಂಗಳೂರು', 'ಬೆ೦ಗಳೂರು'. ಎರಡೂ ಒಂದೇ ಥರ ಕಾಣುತ್ತವೆ ಅಲ್ಲವಾ? ಎರಡನೆಯದರಲ್ಲಿರುವುದು ಅನುಸ್ವಾರವಲ್ಲ, ಅಂಕಿ ಸೊನ್ನೆ. ಹಾಗೇ 'ಧರ್ಮ' ಬದಲು 'ಧಮ೯', ಅರ್ಕಾವತ್ತಿನ ಜಾಗದಲ್ಲಿ ಅಂಕಿ ಒಂಬತ್ತು. ಕಣ್ಣಿಗೆ ಮೋಸ, ಆದರೆ ಹುಡುಕಿದರೆ ಆ ಪದ ಸಿಗುವುದಿಲ್ಲ. ಇಂಥವು ಒಂದೊಂದು ಪುಸ್ತಕದಲ್ಲೂ ಸಾವಿರಗಟ್ಟಲೆ. ನಾವು ಆರು ತಿಂಗಳು ಇದನ್ನು ಕೈಯಲ್ಲಿ ತಿದ್ದಿದೆವು, ಕತ್ತೆ ದುಡಿದ ಹಾಗೆ. ಆಮೇಲೆ ಅದೇ ಇಂಜಿನಿಯರಿಂಗ್ ಹುಡುಗ, ಅಕ್ಷರಕ್ಕೆ ಅಂಟಿಕೊಂಡ ಸೊನ್ನೆ, ಒಂಬತ್ತು ಎಲ್ಲಿದ್ದರೂ ಹಿಡಿಯುವ ಪುಟ್ಟ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ, ಬರೆದ. ಅಂಕಿಗೆ ಅಂಟಿಕೊಂಡಿದ್ದರೆ ಮುಟ್ಟುವುದಿಲ್ಲ, ಇಲ್ಲದಿದ್ದರೆ ೧೨೦ ಹೋಗಿ ೧೨ಂ ಆಗುತ್ತದೆ. ಯಂತ್ರ ಮಾಡಬಹುದಾದ್ದನ್ನು ಜನರ ಕೈಲಿ ಮಾಡಿಸುತ್ತಿದ್ದೀರಿ ಅಂತ ಅವರಿಗೆ ಗೊತ್ತಾದ ದಿನ ಯಾವ ಹುರುಪಿನ ಮಾತೂ ನಡೆಯುವುದಿಲ್ಲ.

ಉಳಿದದ್ದನ್ನು ತುಂಡು ಮಾಡಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಇ-ಪುಸ್ತಕ ಭಂಡಾರಕ್ಕೆ ಪುಸ್ತಕ ತಿದ್ದಿಕೊಡುವ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ 2000ದಲ್ಲಿ ಶುರುವಾಯಿತು. ಅವರು ಜನರನ್ನು ಕೇಳುವುದು 'ದಿನಕ್ಕೊಂದು ಪುಟ' ಮಾತ್ರ, ಪುಸ್ತಕ ಕೇಳುವುದಿಲ್ಲ. ಜನರೇ ಸೇರಿ ಕಟ್ಟುವ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಮಾಹಿತಿ ತುಂಬುವ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಇನ್ನೂ ಜಾಣ. ನಕ್ಷೆಯ ಬಗ್ಗೆ ಏನೂ ಗೊತ್ತಿಲ್ಲದವನ ಮುಂದೆ 'ಈ ರಸ್ತೆ ಟಾರಾ, ಕಾಂಕ್ರೀಟಾ?' ಅಂತ ಒಂದೇ ಪ್ರಶ್ನೆ ಇಡುತ್ತದೆ. ಕುಂದವಾಡ ಕೆರೆ ಸುತ್ತ ವಾಕಿಂಗ್ ಹೋದಾಗ ನಾನೇ ಹತ್ತು-ಹನ್ನೆರಡಕ್ಕೆ ಉತ್ತರ ಒತ್ತಿಬಿಡುತ್ತೇನೆ, ಕೆಲಸ ಅಂತಲೇ ಅನ್ನಿಸುವುದಿಲ್ಲ.

ಇನ್ನು, ಯಾರನ್ನು ಕೇಳಬೇಕು ಅನ್ನುವುದು. ಗುಂಪಿಗೆ ಕೇಳಿದರೆ ಯಾರಿಗೂ ಕೇಳಿದಂತಲ್ಲ. ನಮ್ಮ ಜಿಲ್ಲೆಯದೇ ಒಂದು ತಲೆನೋವಿತ್ತು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಮೂರೂ ಕಡೆಯಿಂದ ತಾಲ್ಲೂಕುಗಳು ಬಂದವು. ಹರಪನಹಳ್ಳಿ ಹಾಗೆ ಬಳ್ಳಾರಿಯಿಂದ ಬಂದದ್ದು. ಸಂವಿಧಾನದ 371-ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಸಿಗುವ ವಿಶೇಷ ಸೌಲಭ್ಯಕ್ಕಾಗಿ ಅಲ್ಲಿನವರು ಹೋರಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋದರು, 2021ರಲ್ಲಿ ವಿಜಯನಗರ ಜಿಲ್ಲೆಗೆ. ಊರು ಇದ್ದಲ್ಲೇ ಇತ್ತು, ಜಿಲ್ಲೆ ಮೂರಾಯಿತು. ಅಲ್ಲಿನ ಹಳ್ಳಿಗಳ ಚುಟುಕು ಲೇಖನಗಳಲ್ಲಿ ಒಂದರಲ್ಲಿ ಒಂದು ಜಿಲ್ಲೆ, ಇನ್ನೊಂದರಲ್ಲಿ ಇನ್ನೊಂದು. ತಿದ್ದಿ ಅಂತ ಗುಂಪಿನಲ್ಲಿ ನಾಲ್ಕು ಸಲ ಹಾಕಿದೆ. ನಾಲ್ಕು ಸಲವೂ ಹೆಬ್ಬೆರಳು ಬಂತು, ಕೆಲಸ ಆಗಲಿಲ್ಲ.

ಲಗ್ನಪತ್ರಿಕೆ ಮಾಡಿಸಲು ಹರಪನಹಳ್ಳಿ ಕಡೆಯ ಒಬ್ಬ ಹುಡುಗ ಅಂಗಡಿಗೆ ಬಂದಿದ್ದ. ಪ್ರೂಫ್ ನೋಡುತ್ತಾ ಕೂತವನಿಗೆ ಅವನ ಊರಿನ ಲೇಖನ ತೆರೆದು ತೋರಿಸಿದೆ. "ನೋಡಪ್ಪ, ನಿಮ್ಮೂರು ಇನ್ನೂ ನಮ್ಮ ಜಿಲ್ಲೇಲೇ ಐತೆ." ಅವನ ಮುಖ ಕೆಂಪಗಾಯಿತು. "ಇದೇನ್ರೀ ಇದು, ಯಾರು ಬರ್ದಿದ್ದು?" ಎಲ್ಲಿ ಒತ್ತಬೇಕು ಅಂತ ತೋರಿಸಿಕೊಟ್ಟೆ. ಎರಡು ರಾತ್ರಿಯಲ್ಲಿ ಸುತ್ತಲಿನ ಅಷ್ಟೂ ಹಳ್ಳಿ ತಿದ್ದಿ ಹಾಕಿದ. ಅದಾದ ಮೇಲೆ ಅವನು ವಿಕಿಪೀಡಿಯದಲ್ಲಿ ಏನೂ ಮಾಡಿಲ್ಲ, ನಾನೂ ಕೇಳಿಲ್ಲ. ಅವನಿಂದ ಆಗಬೇಕಾದ್ದು ಅಷ್ಟೇ ಇತ್ತು. ಎಲ್ಲರನ್ನೂ ಕಾಯಂ ಸೇವಕರನ್ನಾಗಿ ಮಾಡಬೇಕು ಅನ್ನುವ ದುರಾಸೆ ಬಿಟ್ಟರೆ ಅರ್ಧ ಭಾರ ಇಳಿಯುತ್ತದೆ.

ಒಂದು ಎಚ್ಚರಿಕೆ. ನಿಮ್ಮ ಇಪ್ಪತ್ತೈದು ಜನರಲ್ಲಿ ಒಬ್ಬರು ಮಾತಾಡದೆ ಎಲ್ಲ ಎಲೆ ಎತ್ತುವವರು ಇದ್ದೇ ಇರುತ್ತಾರೆ. ಅವರಿದ್ದಾರಲ್ಲ ಅಂತ ಎಲ್ಲವನ್ನೂ ಅವರ ತಲೆಗೆ ಕಟ್ಟಬೇಡಿ. ನಮ್ಮಲ್ಲಿ ಅಂಥ ಒಬ್ಬರಿದ್ದರು. ಒಂದು ದಿನ 'ಸ್ವಲ್ಪ ದಿನ ಬಿಡುವು ಬೇಕು' ಅಂತ ಸಂದೇಶ ಹಾಕಿ ಗುಂಪಿನಿಂದ ಹೊರಟರು, ಮತ್ತೆ ಬರಲಿಲ್ಲ. ಕೊನೆಯ ಆರು ತಿಂಗಳಲ್ಲಿ ಹಸಿರಾದ ಪುಟಗಳಲ್ಲಿ ಮುಕ್ಕಾಲು ಪಾಲು ಅವರೊಬ್ಬರದೇ ಅಂತ ನಾನು ಲೆಕ್ಕ ತೆಗೆದದ್ದು ಅವರು ಹೋದ ಮೇಲೆ. ಆಗಾಗ ಅವರಿಗೂ ಪಾಯಸದ ಬಕೆಟ್ ಕೊಡಬೇಕಿತ್ತು. ಹೊಸ ಪುಸ್ತಕ ಯಾವುದು ಅಂತ ಆರಿಸುವುದು, ಕಾರ್ಯಾಗಾರದಲ್ಲಿ ನಾಲ್ಕು ಮಾತಾಡುವುದು, ಅಂಥದ್ದು. ಅದೆಲ್ಲ ನಾನೇ ಹಿಡಿದುಕೊಂಡಿದ್ದೆ. ಈಗ ನನ್ನ ಪಾಲಿಗೂ ವಾರಕ್ಕೆ ಐದು ಹಳದಿ ಪುಟ ಇವೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ತಿಂಗಳಿಗೊಂದು ಭಾನುವಾರ ಅಂಗಡಿಯ ಶಟರ್ ಅರ್ಧ ಇಳಿಸಿ ಎಲ್ಲರೂ ಕೂಡುತ್ತೇವೆ. ಮಂಡಕ್ಕಿ, ಮಿರ್ಚಿ ತರಿಸುವುದು ನನ್ನ ಖರ್ಚು. ಕೀಬೋರ್ಡಿಗೆ ಎಣ್ಣೆ ಮೆತ್ತುವುದೊಂದು ಬಿಟ್ಟರೆ ಬೇರೆ ನಷ್ಟವಿಲ್ಲ. ಅಲ್ಲಿ ಮಾಡುವುದು ಒಂದೇ ಕೆಲಸ, ಅಂಟಿಕೊಂಡಿರುವ ಕಷ್ಟದ ಪುಟಗಳನ್ನು ದೊಡ್ಡ ಪರದೆಗೆ ಹಾಕಿ 'ಇದು ದ-ನೋ ಧ-ನೋ' ಅಂತ ಜಗಳ ಆಡುವುದು. ನಿಮ್ಮ ತಂಡ ಬೇರೆ ಬೇರೆ ಊರಲ್ಲಿದ್ದರೆ ವೀಡಿಯೊ ಕಾಲ್‌ನಲ್ಲೂ ಆದೀತು, ಮಿರ್ಚಿ ಮಾತ್ರ ಅವರವರೇ ತಂದುಕೊಳ್ಳಬೇಕು.

ನಿಮ್ಮಲ್ಲಿ ಹಳದಿಯಾಗಿ ಬಿದ್ದಿರುವ ಪುಸ್ತಕ ಯಾವುದು ಅಂತ ಇಲ್ಲೇ ಕೆಳಗೆ ಬರೆಯಿರಿ. ನಮ್ಮದೊಂದರಲ್ಲಿ ನಲವತ್ತು ಪುಟ ಎರಡನೇ ಕಣ್ಣಿಗೆ ಕಾಯುತ್ತಿವೆ. ಅದನ್ನು ನೀವು ನೋಡಿಕೊಡಿ, ನಿಮ್ಮ ನಲವತ್ತು ನಾವು ನೋಡುತ್ತೇವೆ.