ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಡಿಯೊ ನೋಡಿ ಮನೆಯಲ್ಲೇ ಮಾಡಲು ಹೊರಟವರಿಗೆ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕನ್ನು ಹೇಳುತ್ತವೆ. ಮೊಬೈಲಿನಲ್ಲಿ ನೋಡಿದ ಕರಕುಶಲ ಕೆಲಸವಾಗಲಿ ವ್ಯಾಯಾಮವಾಗಲಿ ಮನೆಯಲ್ಲಿ ಮಾಡಿದಾಗ ಅಲ್ಲಿ ಕಂಡಂತೆ ಬರುವುದಿಲ್ಲ. ನಾನು ಗಮನಿಸಿದಂತೆ ಇದಕ್ಕೆ ಮುಖ್ಯ ಕಾರಣಗಳು ಎರಡು. ಒಣಗುವ, ಬಲಿಯುವ, ದಣಿವಾರಿಸಿಕೊಳ್ಳುವ ಹೊತ್ತನ್ನೆಲ್ಲ ವಿಡಿಯೊದಲ್ಲಿ ಕತ್ತರಿಸಿರುತ್ತಾರೆ. ಜೊತೆಗೆ ಅದನ್ನು ಚಿತ್ರಿಸಿದ ಊರಿನ ಹವೆಯೂ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಬಯಲುಸೀಮೆಯ ಹವೆಯೂ ಒಂದೇ ಆಗಿರುವುದಿಲ್ಲ. ಆರಿಸಿಕೊಂಡ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಜಿಮ್‌ಗೆ ತಿಂಗಳ ಶುಲ್ಕ ಕಟ್ಟುವ ಅನುಕೂಲ ಇಲ್ಲದ ಕಾರಣ ನಾನೂ ನನ್ನ ತಮ್ಮನೂ ಖಾಲಿ ಬಣ್ಣದ ಡಬ್ಬಿಗಳಲ್ಲಿ ಸಿಮೆಂಟ್ ತುಂಬಿ, ನಡುವೆ ಪೈಪ್ ನಿಲ್ಲಿಸಿ ಡಂಬೆಲ್ ಮಾಡಿಕೊಂಡೆವು. ಮರುದಿನವೇ ಗಟ್ಟಿಯಾಗಿತ್ತು. ವಾರ ಕಳೆಯುವುದರೊಳಗೆ ಅಂಚು ಪುಡಿಯಾಗಿ ಉದುರತೊಡಗಿತು, ಪೈಪ್ ಒಳಗೇ ತಿರುಗುತ್ತಿದೆ. ನಾವು ತಂದ ಸಿಮೆಂಟ್ ಕಳಪೆಯಾಗಿತ್ತೇ?
– ಪದವಿ ವಿದ್ಯಾರ್ಥಿ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಸಿಮೆಂಟ್ ಮೇಲೆ ಅನುಮಾನ ಪಡುವ ಮೊದಲು, ಡಬ್ಬಿ ತುಂಬಿದ ಮೇಲೆ ಅದಕ್ಕೆ ಎಷ್ಟು ದಿನ ನೀರು ಉಣಿಸಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿಕೊಂಡು ಬಲಿಯುತ್ತದೆ. ನೀರು ಆರಿಹೋದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಮಾಳಿಗೆಯ ಮೇಲಿಟ್ಟ ಡಬ್ಬಿಯ ಮೇಲ್ಭಾಗದ ನೀರು ಕೆಲವೇ ಗಂಟೆಗಳಲ್ಲಿ ಹಾರಿಹೋಗಿರುತ್ತದೆ. ಆದ್ದರಿಂದಲೇ ಅಂಚನ್ನು ಉಗುರಿನಿಂದ ಕೆರೆದರೂ ಬೂದಿ ಬಣ್ಣದ ಪುಡಿ ಉದುರುತ್ತದೆ, ಒಳಭಾಗ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಒಣಹವೆಯಿರುವ ಬಿಸಿ ಪ್ರದೇಶದಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಹಸಿಯಾಗಿಡಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ, ಅದರ ಶಕ್ತಿಯನ್ನು ಅಳೆಯುವುದು 28ನೆಯ ದಿನ. ನಿಮ್ಮ ಓಣಿಯ ಯಾವ ಗೌಂಡಿಯನ್ನು ಕೇಳಿದರೂ ಹೊಸ ಸ್ಲ್ಯಾಬಿನ ಮೇಲೆ ನೀರು ಕಟ್ಟಿ ನಿಲ್ಲಿಸುವ ಕಾರಣವನ್ನು ವಿವರಿಸಿ ಹೇಳುತ್ತಾನೆ. ವಿಡಿಯೊದವರು ಆ ದಿನಗಳನ್ನು ತೋರಿಸಿರಲಿಕ್ಕಿಲ್ಲ.

ಮತ್ತೆ ಮಾಡುವುದಾದರೆ ಬರೀ ಸಿಮೆಂಟ್ ತುಂಬಬೇಡಿ, ಅದು ಕುಗ್ಗಿ ಬಿರಿಯುತ್ತದೆ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಉಸುಕು, ಮೂರು ಪಾಲು ಸಣ್ಣ ಖಡಿ ಹಾಕಿ, ನೀರನ್ನು ಸಿಮೆಂಟಿನ ತೂಕದ ಅರ್ಧದಷ್ಟಕ್ಕೆ ಮಿತಗೊಳಿಸಿ. ಕಲಸುವಾಗ ರಬ್ಬರ್ ಕೈಗವಸು ಇರಲಿ, ಏಕೆಂದರೆ ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ. ಪೈಪಿನ ಹುದುಗುವ ತುದಿಗೆ ರಂಧ್ರ ಕೊರೆಸಿ ಎರಡು ಉದ್ದನೆಯ ಬೋಲ್ಟ್‌ಗಳನ್ನು ಅಡ್ಡಡ್ಡ ತೂರಿಸಿದರೆ ಅದು ತಿರುಗುವುದಿಲ್ಲ, ಜಾರುವುದೂ ಇಲ್ಲ. ಒಂದು ಬದಿ ತುಂಬಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಬದಿಯನ್ನು ತುಂಬಿ. ಎರಡೂ ಬದಿಗೆ ಹಸಿ ಗೋಣಿತಟ್ಟು ಸುತ್ತಿ ನೆರಳಿನಲ್ಲಿಡಿ.

ತೂಕದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಒಂದು ಲೀಟರ್ ಅಳತೆಯ ಕಾಂಕ್ರೀಟ್ ಸುಮಾರು 2.4 ಕೆ.ಜಿ. ತೂಗುತ್ತದೆ. ಎರಡು ಲೀಟರಿನ ಎರಡು ಡಬ್ಬಿಗಳಾದರೆ ಒಂದು ಡಂಬೆಲ್ ಹತ್ತು ಕೆ.ಜಿ. ಸಮೀಪ ಬರುತ್ತದೆ, ಹೊಸಬರ ಒಂದು ಕೈಗೆ ಅದು ಹೆಚ್ಚೇ. ಮನೆಯಲ್ಲಿ ಮಾಡಿದ ತೂಕವನ್ನು ಮಲಗಿಕೊಂಡು ಎದೆಯ ಮೇಲಾಗಲಿ, ನಿಂತು ತಲೆಯ ಮೇಲಾಗಲಿ ಎತ್ತುವುದನ್ನು ನಾನು ಒಪ್ಪುವುದಿಲ್ಲ. ಡಂಬೆಲ್ ಬಲಿಯುವ ಆ 28 ದಿನಗಳಲ್ಲಿ ನಮ್ಮ ಗರಡಿಮನೆಗಳಲ್ಲಿ ಕಲಿಸುತ್ತ ಬಂದಿರುವ ದಂಡ, ಬಸ್ಕಿಗಳನ್ನು ಹದವಾಗಿ ಮಾಡಿರಿ. ಅವುಗಳಿಗೆ ಯಾವ ಸಲಕರಣೆಯೂ ಬೇಡ.

ಪ್ರಶ್ನೆ: ನನಗೆ 46 ವರ್ಷ. ಮೂವತ್ತು ದಿನಗಳಲ್ಲಿ ಹೊಟ್ಟೆ ಕರಗಿಸುವ ಸವಾಲಿನ ವಿಡಿಯೊ ನೋಡಿ, ಶಾಲೆಯಿಂದ ಬಂದ ಮೇಲೆ ಸಂಜೆ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವ್ಯಾಯಾಮ ಮಾಡತೊಡಗಿದೆ. ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಹೊಟ್ಟೆ ಮಾತ್ರ ಹಾಗೆಯೇ ಇದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮುಂದುವರಿಸಬಹುದೇ?
– ಶಿಕ್ಷಕಿ, ರಾಯಚೂರು

ಉತ್ತರ: ತಾಯಿ, ಇಂದಿನಿಂದಲೇ ಅದನ್ನು ನಿಲ್ಲಿಸಿ, ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಮೊದಲು ಕಾಣಿರಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ಮೂಲಕ ದೇಹದ ನೀರು, ಉಪ್ಪುಗಳನ್ನು ಹೊರಹಾಕುತ್ತವೆ. ಅದರ ಮೇಲೆ ಬೆವರೂ ಹರಿದರೆ ಸ್ನಾಯು ಸೆಳೆತ, ತಲೆಸುತ್ತು ಬರುವುದು ಅಸಹಜವೇನಲ್ಲ. ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ.

ನೀವು ಆರಿಸಿಕೊಂಡ ಜಾಗ ಮತ್ತು ಹೊತ್ತು ಎರಡೂ ನಿಮಗೆ ಪ್ರತಿಕೂಲವಾಗಿವೆ. ರಾಯಚೂರಿನ ಬೇಸಿಗೆಯಲ್ಲಿ ದಿನವಿಡೀ ಬಿಸಿಲು ಕುಡಿದ ಕಾಂಕ್ರೀಟ್ ಚಾವಣಿ ಸಂಜೆ ಆ ಕಾವನ್ನು ಕೋಣೆಯೊಳಕ್ಕೆ ಬಿಡುತ್ತಿರುತ್ತದೆ. ಹೊರಗೆ ಗಾಳಿ ತುಸು ತಂಪಾದರೂ ಮೇಲಿನ ಕೋಣೆಯ ಗೋಡೆ ಮುಟ್ಟಿದರೆ ಅಂಗೈಗೆ ಬಿಸಿ ತಾಗುತ್ತದೆ. ಬಾಗಿಲು ಹಾಕಿದರೆ ಗಾಳಿಯಾಡದೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಚಾವಣಿಯ ಕಾವು ಇಳಿದಿರುವುದು ಸೂರ್ಯೋದಯದ ಹೊತ್ತಿಗೆ. ಆದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಆರರ ಸುಮಾರಿಗೆ ಕೆಳಮನೆಯ ಅಂಗಳದಲ್ಲಿ ಆರಂಭಿಸಿ, ಮೊದಲ ಒಂದೆರಡು ವಾರ ಅರ್ಧದಷ್ಟೇ ಮಾಡಿರಿ. ದೇಹವು ಬಿಸಿಗೆ ಒಗ್ಗಿಕೊಳ್ಳಲು ಅಷ್ಟು ಸಮಯ ಬೇಕು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದೇ, ಆದರೆ ನಿಮಗೆ ರಕ್ತದೊತ್ತಡವಿರುವುದರಿಂದ ಉಪ್ಪಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆಂಬ ಮಾತು ನಿಜವಲ್ಲ. ವ್ಯಾಯಾಮದಿಂದ ಅಲ್ಲಿನ ಸ್ನಾಯು ಬಲವಾಗುತ್ತದೆ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕೆಂಬುದನ್ನು ದೇಹ ತಾನೇ ನಿರ್ಧರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ ಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ವಾರಕ್ಕೆ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆಯಿಂದ ಮೊದಲ ಅಳತೆ ಮುಟ್ಟುತ್ತದೆ. ಗೋಡೆಗೆ ಕೈಕೊಟ್ಟು ಮಾಡುವ ದಂಡ, ಕುರ್ಚಿಯಿಂದ ಎದ್ದು ಮತ್ತೆ ನಿಧಾನವಾಗಿ ಕೂರುವುದು ಎರಡನೆಯದಕ್ಕೆ ಒಳ್ಳೆಯ ಆರಂಭ. ನಡುವೆ ಬಿಡುವಿನ ದಿನಗಳು ಇರಲೇಬೇಕು, ಏಕೆಂದರೆ ದಣಿದ ಸ್ನಾಯು ಬಲ ಪಡೆಯುವುದು ಆ ಬಿಡುವಿನಲ್ಲಿಯೇ.

ಇದನ್ನು ಓದುತ್ತಿರುವ ಎಲ್ಲರಿಗೂ ಒಂದು ಎಚ್ಚರಿಕೆ. ಅಭ್ಯಾಸವಿಲ್ಲದವರು ಒಮ್ಮೆಲೇ ಅತಿಯಾಗಿ ವ್ಯಾಯಾಮ ಮಾಡಿದ ನಂತರ ಸಹಿಸಲಾಗದ ಸ್ನಾಯುನೋವಿನ ಜೊತೆಗೆ ಮೂತ್ರವು ಚಹಾದ ಡಿಕಾಕ್ಷನ್‌ನಂತೆ ಕಪ್ಪಾದರೆ, ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಬಿಸಿಲಿನಲ್ಲಿ ದುಡಿದವರಾಗಲಿ ವ್ಯಾಯಾಮ ಮಾಡಿದವರಾಗಲಿ ಮಾತು ತಡವರಿಸಿ, ಎಚ್ಚರ ತಪ್ಪುವಂತಾದರೆ ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಕಿನ್ನಾಳ ಗೊಂಬೆಯಂತೆ ಕಾಣುವ ಗರುಡನನ್ನು ಕಾಗದದ ರದ್ದು ಮತ್ತು ಅಂಟಿನಿಂದ ಮಾಡುವ ವಿಡಿಯೊ ನೋಡಿ ಮಗಳೊಂದಿಗೆ ಮಾಡಿದೆ. ಬಿಸಿಲಿಗಿಟ್ಟ ದಿನವೇ ಮೂಗು, ರೆಕ್ಕೆಯ ಬುಡ ಬಿರುಕು ಬಿಟ್ಟವು. ಚೆನ್ನಾಗಿ ಬಂದರೆ ಮಾರುವ ಆಸೆಯೂ ಇದೆ.
– ಗೃಹಿಣಿ, ಕೊಪ್ಪಳ

ಉತ್ತರ: ಕಾಗದದ ಮುದ್ದೆ ಬಹಳ ನೀರು ಹಿಡಿದಿರುತ್ತದೆ. ಬಿಸಿಲಿಗಿಟ್ಟಾಗ ಹೊರಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ ಹಸಿಭಾಗ ಕುಗ್ಗದೆ ನಿಲ್ಲುತ್ತದೆ. ಈ ಎಳೆದಾಟದಲ್ಲಿ ಮೂಗಿನಂತಹ ದಪ್ಪ ಭಾಗ ತೆಳುಭಾಗವನ್ನು ಸೇರುವಲ್ಲಿಯೇ ಬಿರುಕು ಬರುತ್ತದೆ. ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಬಲವಾಗಿ ಹಿಂಡಿ, ತೆಳುವಾದ ಪದರಗಳಲ್ಲಿ ಹಚ್ಚಿ, ಪ್ರತಿ ಪದರವನ್ನೂ ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನದಕ್ಕೆ ಕೈಹಾಕಿ.

ನಿಮ್ಮ ಊರಿನಿಂದ ಸ್ವಲ್ಪವೇ ದೂರದಲ್ಲಿರುವ ಕಿನ್ನಾಳದ ಚಿತ್ರಗಾರರು ಈ ತೊಂದರೆಗೆ ಎಂದೋ ಪರಿಹಾರ ಕಂಡುಕೊಂಡಿದ್ದಾರೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಅವರ ಗೊಂಬೆಯ ಒಡಲು ಹಗುರವಾದ ಕಟ್ಟಿಗೆಯದು. ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿದ ಸೆಣಬಿನ ಚಿಂದಿಗೆ ಕಟ್ಟಿಗೆಯ ಹೊಟ್ಟು ಮತ್ತು ಹುಣಸೆಬೀಜದ ಅಂಟನ್ನು ಬೆರೆಸಿ ಕಿಟ್ಟ ಎಂಬ ಮಿಶ್ರಣ ಮಾಡುತ್ತಾರೆ. ಭಾಗಗಳನ್ನು ಜೋಡಿಸಿದ ಮೇಲೆ ಮೈತುಂಬ ಕಿಟ್ಟ ಹಚ್ಚಿ, ಅದರ ಮೇಲೆ ಅರಿವೆಯ ಸಣ್ಣ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟ ನಂತರವೇ ಬಣ್ಣ ಹಚ್ಚುತ್ತಾರೆ. ಕಿಟ್ಟದೊಳಗಿನ ನಾರೂ ಮೇಲಿನ ಅರಿವೆಯೂ ಬಿರುಕು ಹರಡದಂತೆ ಹಿಡಿದುಕೊಳ್ಳುತ್ತವೆ. ನೀವೂ ಹಳೆಯ ನೂಲಿನ ಬಟ್ಟೆಯ ಬೆರಳಗಲದ ಪಟ್ಟಿಗಳನ್ನು ಮೂಗಿನ ಸುತ್ತ, ರೆಕ್ಕೆಯ ಬುಡದಲ್ಲಿ ಅಂಟಿಸಿ ನೋಡಿ. ಮಗಳನ್ನು ಒಂದು ದಿನ ಕಿನ್ನಾಳಕ್ಕೆ ಕರೆದೊಯ್ದು, ಅನುಮತಿ ಕೇಳಿ ಅವರ ಕೆಲಸವನ್ನು ನೋಡಿದರೆ ಇನ್ನೂ ಒಳ್ಳೆಯದು.

ಮಾರುವ ವಿಚಾರದಲ್ಲಿ ಒಂದು ಮಾತು. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಕಾಗದದ ಗೊಂಬೆಯನ್ನು ಆ ಹೆಸರಿನಲ್ಲಿ ಮಾರುವುದು ಕಾನೂನಿಗೆ ವಿರುದ್ಧ, ಆ ಕುಟುಂಬಗಳ ಅನ್ನಕ್ಕೂ ಪೆಟ್ಟು. ಕಾಗದದ ಗೊಂಬೆಯೆಂದೇ ಹೇಳಿ ಮಾರಲು ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗ ಹಲಗೆಯ ಮೇಲೆ ವಿದ್ಯುತ್ ಹರಿಸಿ ಮರದ ಕೊಂಬೆಗಳಂತಹ ಸುಟ್ಟ ಚಿತ್ರ ಮೂಡಿಸುವ ವಿಡಿಯೊ ನೋಡಿ, ಗುಜರಿಯಿಂದ ಹಳೆಯ ಮೈಕ್ರೊವೇವ್ ಒಲೆ ತಂದಿದ್ದಾನೆ. ಮನೆಯಲ್ಲಿ ಶಾಕ್ ತಡೆಯುವ ಸ್ವಿಚ್ ಇದೆ, ಭಯವಿಲ್ಲ ಎನ್ನುತ್ತಾನೆ. ಬಿಡಬಹುದೇ?
– ತಂದೆ, ಸಿರುಗುಪ್ಪ

ಉತ್ತರ: ದಯವಿಟ್ಟು ಬಿಡಬೇಡಿ. ಈ ಅಂಕಣದಲ್ಲಿ ಮಾಡಲೇಬಾರದೆಂದು ನಾನು ಹೇಳುವುದು ಬಹಳ ವಿರಳ, ಇದನ್ನು ಮಾತ್ರ ಯಾವ ಷರತ್ತೂ ಇಲ್ಲದೆ ಹೇಳುತ್ತೇನೆ. ಆ ಒಲೆಯ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಹೃದಯದ ಮೂಲಕ ಹಾದರೆ ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗವೇ ಜೀವ ತೆಗೆಯಬಲ್ಲದು. ಈ ಟ್ರಾನ್ಸ್‌ಫಾರ್ಮರ್ ಅದಕ್ಕಿಂತ ಬಹಳ ಹೆಚ್ಚಿನದನ್ನು ಕೊಡುತ್ತದೆ. ವಿದ್ಯುತ್ ಹರಿಯಲೆಂದು ಹಲಗೆಗೆ ಉಪ್ಪು ಅಥವಾ ಸೋಡಾ ಕಲಸಿದ ನೀರು ಹಚ್ಚಿರುತ್ತಾರೆ, ಅದೇ ನೀರು ಮೇಜಿಗೂ ಕೈಗೂ ಹರಡುತ್ತದೆ. ಬೇರೆ ದೇಶಗಳಲ್ಲಿ ಪಳಗಿದ ಕುಶಲಕರ್ಮಿಗಳೂ ಇದನ್ನು ಮಾಡಲು ಹೋಗಿ ಪ್ರಾಣ ಕಳೆದುಕೊಂಡಿದ್ದಾರೆ. ಅಮೆರಿಕದ ಮರಗೆತ್ತನೆಗಾರರ ಸಂಘವು ತನ್ನ ಕಾರ್ಯಕ್ರಮಗಳಲ್ಲಿ ಇದರ ಪ್ರದರ್ಶನವನ್ನೇ ನಿಷೇಧಿಸಿದೆ.

ಶಾಕ್ ತಡೆಯುವ ಸ್ವಿಚ್ಚಿನ ಬಗ್ಗೆ ಮಗನಿಗೆ ಹೀಗೆ ವಿವರಿಸಿ, ಪಿಯುಸಿ ಓದುವವನಿಗೆ ಅರ್ಥವಾಗುತ್ತದೆ. ಆ ಸ್ವಿಚ್ ಮನೆಯೊಳಕ್ಕೆ ಹೋದ ವಿದ್ಯುತ್ ಅಷ್ಟೇ ಪ್ರಮಾಣದಲ್ಲಿ ಹಿಂದಿರುಗಿತೇ ಎಂಬುದನ್ನು ಮಾತ್ರ ನೋಡುತ್ತದೆ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕ ಇರುವುದಿಲ್ಲ, ಕಾಂತಕ್ಷೇತ್ರದ ಮೂಲಕವಷ್ಟೇ ಶಕ್ತಿ ದಾಟುತ್ತದೆ. ಎರಡನೆಯ ಸುರುಳಿಯ ಕಡೆ ಮನುಷ್ಯನ ಮೂಲಕ ವಿದ್ಯುತ್ ಹರಿದರೂ ಮೊದಲ ಕಡೆಯ ಲೆಕ್ಕ ಸರಿಯಾಗಿಯೇ ಇರುವುದರಿಂದ ಸ್ವಿಚ್ ಬೀಳುವುದಿಲ್ಲ. ಒಲೆಯನ್ನು ಬಿಚ್ಚುವುದೂ ಅಪಾಯ, ಏಕೆಂದರೆ ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ಬಿಚ್ಚದೆ, ಹಾಗೆಯೇ ಮನೆಯಿಂದ ಹೊರಗೆ ಕಳುಹಿಸಿ.

ಹುಡುಗನ ಆಸಕ್ತಿಯನ್ನು ಮಾತ್ರ ಕಳುಹಿಸಬೇಡಿ. ಮರದ ಮೇಲೆ ಸುಟ್ಟು ಚಿತ್ರ ಬರೆಯಲು ಬಿಸಿ ಮೊನೆಯ ವಿದ್ಯುತ್ ಪೆನ್ನು ಸಿಗುತ್ತದೆ. ಅದರಿಂದಲೂ ಕೈ ಸುಡಬಹುದು, ಎಚ್ಚರ ಬೇಕು, ಆದರೆ ಅದರ ಮೊನೆಯಲ್ಲಿರುವುದು ಶಾಖ. ಬಣ್ಣ, ಪಾಲಿಶ್ ಇಲ್ಲದ ಹಲಗೆಯ ಮೇಲೆ, ಹೊಗೆ ಹೊರಹೋಗುವಂತೆ ಕಿಟಕಿ ತೆರೆದಿಟ್ಟು, ನೀವೂ ಜೊತೆಗೆ ಕುಳಿತು ಮಾಡಿಸಿ.

ಪ್ರಶ್ನೆ: ನಮ್ಮಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಂದ ತುಂಡು ಬಟ್ಟೆ ಅಗ್ಗಕ್ಕೆ ಸಿಗುತ್ತದೆ. ಅದರಿಂದ ಚೀಲ, ಕೌದಿ ಮಾಡುವ ವಿಡಿಯೊ ನೋಡಿ ಹೊಲಿಯಲು ಕುಳಿತರೆ ಸೂಜಿ ಮುರಿಯುತ್ತಲೇ ಇದೆ.
– ಓದುಗರು, ಬಳ್ಳಾರಿ

ಉತ್ತರ: ಸಾಮಾನ್ಯ ಬಟ್ಟೆಗೆ ಬಳಸುವ ಸೂಜಿ ತೆಗೆದು 16 ಅಥವಾ 18 ನಂಬರಿನ ಸೂಜಿ ಹಾಕಿ. ನಾಲ್ಕು ಪದರ ಕೂಡುವ ಜಾಗವನ್ನು ಮೊದಲು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಚಪ್ಪಟೆ ಮಾಡಿ, ಅಲ್ಲಿಗೆ ಬಂದಾಗ ತುಳಿಯುವುದನ್ನು ಬಿಟ್ಟು ಮಷಿನ್ನಿನ ಗಾಲಿಯನ್ನು ಕೈಯಿಂದ ತಿರುಗಿಸಿ ದಾಟಿಸಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ಸೂಜಿ ಬಾಗಿ ತಗಡಿಗೆ ತಾಗಿ ಮುರಿಯುವುದು ಹೆಚ್ಚಾಗಿ ಆ ಎಳೆತದಿಂದಲೇ. ತುಂಡುಗಳನ್ನು ಜೋಡಿಸುವ ಮುಂಚೆ ಬೇರೆ ಬೇರೆಯಾಗಿ ತೊಳೆದು ಒಣಗಿಸಿಕೊಳ್ಳಿ, ಇಲ್ಲವಾದರೆ ಮೊದಲ ಒಗೆತದಲ್ಲಿಯೇ ನೀಲಿ ಬಣ್ಣ ಉಳಿದ ಅರಿವೆಗೆ ಇಳಿಯುತ್ತದೆ, ಕೆಲವು ತುಂಡು ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಪೂರ್ತಿ ಕೌದಿಯನ್ನು ಜೀನ್ಸ್‌ನಲ್ಲೇ ಮಾಡಿದರೆ ಹೊದೆಯಲು ಭಾರವಾಗುತ್ತದೆ. ಮೇಲೆ ಜೀನ್ಸ್ ಇಟ್ಟು ಕೆಳಗೆ ಹಳೆಯ ನೂಲಿನ ಸೀರೆ ಕೊಟ್ಟರೆ ಕೈಹೊಲಿಗೆಯ ಸೂಜಿಯೂ ಸುಲಭವಾಗಿ ದಾಟುತ್ತದೆ.