ಗೇಮ್ ಪಾಸ್ ದರ ಇಷ್ಟು ಏರಿದ ಮೇಲೂ ಕಟ್ಟುವುದರಲ್ಲಿ ಅರ್ಥ ಉಂಟಾ?

ತಿಂಗಳಿಗಿಷ್ಟು ಕಟ್ಟಿ ಪಟ್ಟಿಯಲ್ಲಿರುವ ಗೇಮುಗಳನ್ನು ಆಡುವ ಮೈಕ್ರೋಸಾಫ್ಟ್‌ನ ಈ ಚಂದಾವನ್ನು ವರ್ಷವಿಡೀ ತಪ್ಪದೆ ಕಟ್ಟುವುದಾದರೆ ಇಲ್ಲ. ವರ್ಷಕ್ಕೆ ಎರಡೋ ಮೂರೋ ತಿಂಗಳು ತೆಗೆದುಕೊಂಡು ಕೂಡಲೇ ನಿಲ್ಲಿಸುವುದಾದರೆ ಏರಿದ ದರದಲ್ಲೂ ಲಾಭವೇ.

ಉಡುಪಿಯಲ್ಲಿ ಮನೆ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕನ್ಸೋಲ್ ಉಂಟು, ನೀವು ಕಥೆ ಇರುವ ಗೇಮ್ ಆಡುವವರು, ತಮ್ಮನಿಗೆ ಫುಟ್‌ಬಾಲ್ ಒಂದಿದ್ದರೆ ಸಾಕು, ಇದನ್ನೆಲ್ಲ ಬಿಟ್ಟು ಪ್ಲೇಸ್ಟೇಷನ್ ಕಡೆಗೆ ಹೋಗಲಾ ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಒಬ್ಬರು ಆಡಿಟರ ಆಫೀಸಿನಲ್ಲಿ ಕೆಲಸಕ್ಕಿರುವವನು. ಯಾವ ಖರ್ಚು ಕಂಡರೂ ಹನ್ನೆರಡರಿಂದ ಗುಣಿಸಿ ನೋಡುವ ಚಾಳಿ ಉಂಟು, ಹಾಗಾಗಿ ಮೊದಲು ಅದನ್ನೇ ಮಾಡಿಬಿಡುವ.

ಪಾಸ್‌ನ ಎಲ್ಲಕ್ಕಿಂತ ದುಬಾರಿ ಅಲ್ಟಿಮೇಟ್ ಪ್ಲಾನು ತಿಂಗಳಿಗೆ 829 ರೂಪಾಯಿ ಇದ್ದದ್ದು 2025ರ ಅಕ್ಟೋಬರ್ 1ಕ್ಕೆ 1,389 ಆಯಿತು. ವರ್ಷಕ್ಕೆ 9,948 ಇದ್ದದ್ದು 16,668. ಕಂಪ್ಯೂಟರಿನಲ್ಲಿ ಆಡುವವರ ಪಿಸಿ ಪಾಸ್‌ನದ್ದು ಇನ್ನೂ ಕಷ್ಟ, 449ರಿಂದ 939, ಎರಡು ಪಟ್ಟಿಗಿಂತ ಜಾಸ್ತಿ. ನಮಗೆ ಮಾತ್ರ ಅಂತಲ್ಲ. ಅಮೆರಿಕದಲ್ಲಿ 2019ರಲ್ಲಿ 14.99 ಡಾಲರಿಗೆ ಶುರುವಾದ ಅಲ್ಟಿಮೇಟ್ 2023ರಲ್ಲಿ 16.99, 2024ರಲ್ಲಿ 19.99, 2025ರಲ್ಲಿ ಒಂದೇ ನೆಗೆತಕ್ಕೆ 29.99. ಆ ದಿನ ಪಾಸ್ ರದ್ದು ಮಾಡಲು ಜನ ಮುಗಿಬಿದ್ದು, ರದ್ದು ಮಾಡುವ ಪುಟವೇ ಸರಿಯಾಗಿ ತೆರೆಯುತ್ತಿರಲಿಲ್ಲ.

ಏರಿಸಿದ್ದಕ್ಕೆ ಪ್ರತಿಯಾಗಿ ಎಂತ ಕೊಟ್ಟರು ಎಂದು ನೋಡಿದರೆ ನನಗೆ ಸಿಟ್ಟು ಬರುವುದು. ಫೋರ್ಟ್‌ನೈಟ್ ಗೇಮಿನ ವೇಷಭೂಷಣ ಕೊಡುವ ಫೋರ್ಟ್‌ನೈಟ್ ಕ್ರ್ಯೂ ಚಂದಾ ಸೇರಿಸಿದರು. ಯೂಬಿಸಾಫ್ಟ್ ಕಂಪನಿಯ ಹಳೆಯ ಗೇಮುಗಳ ಗಂಟನ್ನು ಸೇರಿಸಿದರು. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿನಿಂದಲೇ, ಆಡುವವರಿಗೆ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಆ ಕ್ಲೌಡ್ ಸೌಲಭ್ಯ ಭಾರತಕ್ಕೆ ಬಂದದ್ದೇ ದರ ಏರಿದ ಮರುತಿಂಗಳು, ನವೆಂಬರಿನಲ್ಲಿ. ಬಂದ ಮೇಲಾದರೂ, ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ಇಂಟರ್ನೆಟ್ ವಯರು ಹರಿಯುವ ನಮ್ಮ ಊರಿನಲ್ಲಿ ಕ್ಲೌಡನ್ನು ನಂಬಿ ಆಡುವ ಧೈರ್ಯ ನನಗಿಲ್ಲ. ಕಥೆಯ ಗೇಮ್ ಆಡುವ ನಿಮಗೆ ಫೋರ್ಟ್‌ನೈಟ್‌ನ ವೇಷಭೂಷಣ ಯಾಕೆ? ಹಿಂದೆ ಕೇಬಲ್‌ನವರು ಎರಡು ಚಾನೆಲ್ ಬೇಕು ಎಂದರೆ ಇಪ್ಪತ್ತು ಚಾನೆಲ್‌ನ ಪ್ಯಾಕ್ ಹಾಕಿ ಬಿಲ್ ಮಾಡುತ್ತಿದ್ದರಲ್ಲ, ಅದೇ ಕಸುಬು.

ಹಾಗೆಂದು ಪಾಸ್ ಬರೀ ಮೋಸ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಕ್ಲೇರ್ ಆಬ್ಸ್‌ಕ್ಯೂರ್ ಎಂಬ ಕಥೆಯ ಗೇಮ್ ಬಿಡುಗಡೆಯಾದ ದಿನವೇ ಪಾಸ್‌ನಲ್ಲಿ ಸಿಕ್ಕಿತು. ಅದರ ಮುಖ್ಯ ಕಥೆ ಮುಗಿಸಲು ಮೂವತ್ತು ಗಂಟೆಯ ಆಸುಪಾಸು ಬೇಕು, ಒಂದು ತಿಂಗಳ ರಾತ್ರಿಗಳಿಗೆ ಸರಿಹೋಗುತ್ತದೆ. ದೊಡ್ಡ ಕಂಪನಿಯ ಹೊಸ ಗೇಮ್ ಒಂದನ್ನು ಪೂರ್ತಿ ಹಣ ಕೊಟ್ಟು ತೆಗೆಯುವುದಾದರೆ ಐದು ಸಾವಿರದ ಹತ್ತಿರ ಹೋಗುತ್ತದೆ. ಅದೂ ನಿಮ್ಮ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕಲಿಕ್ಕೆ ಜಾಗವೇ ಇಲ್ಲ. ಸೆಕೆಂಡ್ ಹ್ಯಾಂಡ್ ತೆಗೆಯುವುದು, ಆಡಿ ಮಾರುವುದು, ಗೆಳೆಯನ ಹತ್ತಿರ ಕೇಳಿ ತರುವುದು, ಈ ಮೂರು ದಾರಿಯೂ ನಿಮಗೆ ಬಂದ್. ಡಿಸ್ಕ್ ಹಾಕುವ ಪಿಎಸ್5 ಇದ್ದವರಿಗೆ ನಾನು ಇದೇ ಉತ್ತರ ಕೊಡುತ್ತಿರಲಿಲ್ಲ.

ಹಾಗಾಗಿ ದರ ಎಷ್ಟು ಎನ್ನುವುದಕ್ಕಿಂತ ಯಾವ ತಿಂಗಳು ನಿಮಗೆ ನಿಜವಾಗಿ ಆಡಲಿಕ್ಕೆ ಪುರುಸೊತ್ತು ಉಂಟು ಎಂಬುದನ್ನು ನೋಡಿ. ನಮ್ಮ ಕಡೆ ಇದಕ್ಕೆ ಪಂಚಾಂಗವೇ ಉಂಟು ಮಾರಾಯ್ರೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಶನಿವಾರ ರಾತ್ರಿ ಆಟ, ದೈವದ ನೇಮ, ಕಂಬಳ, ಮದುವೆ, ಆದಿತ್ಯವಾರ ಬಯಲಿನಲ್ಲಿ ಕ್ರಿಕೆಟ್. ಕನ್ಸೋಲಿನ ಮೇಲೆ ಧೂಳು ಕೂರುವ ಕಾಲ ಅದು. ಮೇ ಕೊನೆಗೆ ಇದಕ್ಕೆಲ್ಲ ಕೊನೆ ಹಾಡುವ ಪತ್ತನಾಜೆಯ ದಿನ ಬಂದು ಗೆಜ್ಜೆ ಬಿಚ್ಚಿದ ಮೇಲೆ ಎಲ್ಲ ನಿಂತಿತು. ಮತ್ತೆ ಜೂನ್, ಜುಲೈ, ಆಗಸ್ಟ್ ಹೊರಗೆ ಕಾಲಿಡಲಿಕ್ಕಾಗದ ಮಳೆ. ನಾನು ಪಾಸ್ ತೆಗೆಯುವುದು ಆಗಲೇ. ಆಗಸ್ಟ್ ಕೊನೆಗೆ ನಮ್ಮ ಆಫೀಸಿನಲ್ಲಿ ಟ್ಯಾಕ್ಸ್ ಆಡಿಟಿನ ಗಲಾಟೆ ಶುರುವಾದರೆ ಆಟವಾಡಲಿಕ್ಕೆ ಬಿಡಿ, ಊಟಕ್ಕೇ ಸಮಯ ಸಿಗುವುದಿಲ್ಲ. 2025ರ ಅಕ್ಟೋಬರಿನ ಅಲ್ಟಿಮೇಟ್ ದರದಲ್ಲಿ ಮೂರು ತಿಂಗಳಿಗೆ 4,167 ರೂಪಾಯಿ. ಹಳೆಯ ದರದಲ್ಲಿ ವರ್ಷವಿಡೀ ಕಟ್ಟುತ್ತಿದ್ದುದರ ಅರ್ಧಕ್ಕಿಂತಲೂ ಕಡಿಮೆ. ನಿಮ್ಮ ಪುರುಸೊತ್ತಿನ ತಿಂಗಳು ಬೇರೆ ಇರಬಹುದು, ಪರೀಕ್ಷೆ ಮುಗಿದ ಮೇಲೆ ಅಥವಾ ಡಿಸೆಂಬರ್ ರಜೆ, ಅದು ನಿಮಗೇ ಗೊತ್ತು.

ಹೀಗೆ ಬಿಟ್ಟು ಬಿಟ್ಟು ತೆಗೆದರೆ ಆಡಿದ್ದೆಲ್ಲ ಹೋಗುವುದಿಲ್ಲವಾ ಎಂಬ ಹೆದರಿಕೆ ಬೇಡ. ಎಕ್ಸ್‌ಬಾಕ್ಸ್‌ನಲ್ಲಿ ಸೇವ್ ಫೈಲುಗಳು ಪಾಸ್ ಇಲ್ಲದಿದ್ದರೂ ಉಚಿತವಾಗಿಯೇ ಕ್ಲೌಡ್‌ನಲ್ಲಿ ಉಳಿಯುತ್ತವೆ. ಮುಂದಿನ ಮಳೆಗಾಲಕ್ಕೆ ಬಂದು ಅದೇ ಜಾಗದಿಂದ ಮುಂದುವರಿಸಬಹುದು, ಗೇಮ್ ಅಷ್ಟರಲ್ಲಿ ಪಟ್ಟಿಯಿಂದ ಹೊರಗೆ ಹೋಗಿರದಿದ್ದರೆ. ಪಟ್ಟಿಯಿಂದ ತೆಗೆಯುವ ಗೇಮುಗಳ ಹೆಸರನ್ನು ಸುಮಾರು ಎರಡು ವಾರ ಮೊದಲೇ ಹೇಳುತ್ತಾರೆ. ಅರ್ಧಕ್ಕೆ ಬಂದ ಗೇಮ್ ಹೊರಡುವುದಿದ್ದರೆ ಸದಸ್ಯರಿಗೆ ರಿಯಾಯಿತಿಯಲ್ಲಿ ಕೊಂಡುಕೊಳ್ಳುವ ಅವಕಾಶವೂ ಉಂಟು.

ದುಡ್ಡು ಕಟ್ಟಿದ ಕೂಡಲೇ, ಅದೇ ದಿನ, ಅಕೌಂಟಿಗೆ ಹೋಗಿ ತನ್ನಷ್ಟಕ್ಕೆ ಮುಂದುವರಿಯುವುದನ್ನು ಆಫ್ ಮಾಡಿಬಿಡಿ. ಕಟ್ಟಿದ ತಿಂಗಳು ಪೂರ್ತಿ ಸಿಕ್ಕಿಯೇ ಸಿಗುತ್ತದೆ. ಇಂಥ ಕಂಪನಿಗಳ ಲಾಭದಲ್ಲಿ ದೊಡ್ಡ ಪಾಲು ನಮ್ಮ ಮರೆವಿನದ್ದೇ ಎಂದು ನನ್ನ ಗುಮಾನಿ. ಒಂದು ಸಮಾಧಾನವೆಂದರೆ ನಮ್ಮ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಗಟ್ಟಿ ನಿಯಮ ತಂದಿದೆ. ಕಾರ್ಡಿನಿಂದಾಗಲಿ ಯುಪಿಐಯಿಂದಾಗಲಿ ಹೀಗೆ ತಿಂಗಳು ತಿಂಗಳು ಹಣ ಎಳೆಯುವ ಮೊದಲು ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕಿನಿಂದ ಸೂಚನೆ ಬರಬೇಕು. ಆ ಎಸ್‌ಎಂಎಸ್ಸನ್ನು ಸಾಲದ ಜಾಹೀರಾತುಗಳ ನಡುವೆ ಅಳಿಸಿಬಿಡಬೇಡಿ. ಅಂದಹಾಗೆ ನಿಮ್ಮ ಅಕೌಂಟಿನ ಬಿಲ್ಲಿಂಗ್ ಪುಟದಲ್ಲಿ ಮುಂದಿನ ಕಂತು ಇನ್ನೂ ಹಳೆಯ 829ರಲ್ಲೇ ತೋರಿಸುತ್ತಿದ್ದರೆ ನಾನು ಹೇಳಿದ್ದನ್ನು ಕೇಳಿ ಅವಸರದಲ್ಲಿ ನಿಲ್ಲಿಸಬೇಡಿ. ಒಮ್ಮೆ ಬಿಟ್ಟರೆ ಮತ್ತೆ ಸೇರುವುದು ಹೊಸ ದರಕ್ಕೆ.

ಅಲ್ಟಿಮೇಟೇ ಬೇಕೆಂದಿಲ್ಲ. ಪ್ರೀಮಿಯಂ ಪ್ಲಾನು ಉಂಟು, 2025ರ ಅಕ್ಟೋಬರಿನಲ್ಲಿ ತಿಂಗಳಿಗೆ 699 ಇತ್ತು, ಇನ್ನೂರಕ್ಕೂ ಹೆಚ್ಚು ಗೇಮ್. ಮೈಕ್ರೋಸಾಫ್ಟ್‌ನವರದ್ದೇ ಹೊಸ ಗೇಮುಗಳು ಬಿಡುಗಡೆಯಾಗಿ ಒಂದು ವರ್ಷದೊಳಗೆ ಅದಕ್ಕೂ ಬರುತ್ತವೆ, ಕಾಲ್ ಆಫ್ ಡ್ಯೂಟಿ ಒಂದನ್ನು ಬಿಟ್ಟು. ಮೊದಲ ದಿನವೇ ಆಡಬೇಕೆಂಬ ಹಟ ಇಲ್ಲದವರಿಗೆ ಅದು ಧಾರಾಳ ಸಾಕು. ಎರಡು ವರ್ಷ ಹಳೆಯ ಒಳ್ಳೆಯ ಗೇಮ್ ನೀವು ಆಡಿಲ್ಲವಾದರೆ ಅದು ನಿಮಗೆ ಹೊಸತೇ ಅಲ್ಲವಾ?

ಪ್ಲೇಸ್ಟೇಷನ್ ಕಡೆ ಹೋದರೆ ಅಲ್ಲಿಯೂ ಇದೇ ಹಾಡು. 2022ರಲ್ಲಿ ಅಲ್ಲಿನ ಚಂದಾ ಪಿಎಸ್ ಪ್ಲಸ್‌ನ ಎಕ್ಸ್‌ಟ್ರಾ ಪ್ಲಾನು ವರ್ಷಕ್ಕೆ 4,999 ಇತ್ತು, 2023ರ ಸೆಪ್ಟೆಂಬರ್‌ನಲ್ಲಿ 6,699 ಮಾಡಿದರು. ವರ್ಷದ ಲೆಕ್ಕದಲ್ಲಿ ಅಲ್ಟಿಮೇಟ್‌ಗಿಂತ ಎಷ್ಟೋ ಅಗ್ಗ, ಆದರೆ ಸೋನಿಯವರ ಸ್ವಂತ ದೊಡ್ಡ ಗೇಮುಗಳು ಅದರಲ್ಲಿ ಮೊದಲ ದಿನಕ್ಕೆ ಬರುವುದಿಲ್ಲ, ಕ್ಲೌಡ್‌ನಲ್ಲಿ ಸೇವ್ ಇಡಲಿಕ್ಕೂ ಚಂದಾ ಇರಲೇಬೇಕು. ಬಿಟ್ಟು ಬಿಟ್ಟು ತೆಗೆಯುವ ನಮ್ಮ ಉಪಾಯಕ್ಕೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಚಂದಾಕ್ಕೆ ಬೇಸತ್ತು ಹೊಸ ಕನ್ಸೋಲಿಗೇ ಹಣ ಹಾಕುವುದಂತೂ ನನ್ನ ಲೆಕ್ಕಕ್ಕೆ ಬರುವುದೇ ಇಲ್ಲ.

ಕೊಂಡುಕೊಂಡರೆ ಗೇಮ್ ಶಾಶ್ವತವಾಗಿ ನಮ್ಮದು ಎನ್ನುವವರು ನಿಮಗೆ ಸಿಗುತ್ತಾರೆ. ಅವರಿಗೆ ದ ಕ್ರ್ಯೂ ಎಂಬ ಕಾರ್ ರೇಸಿನ ಗೇಮಿನ ಕಥೆ ಹೇಳಿ. ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ಅದರ ಸರ್ವರ್ ಮುಚ್ಚಿತು, ಪೂರ್ತಿ ದುಡ್ಡು ಕೊಟ್ಟು ತೆಗೆದವರೂ ಮತ್ತೆ ಆಡಲಿಕ್ಕಾಗಲಿಲ್ಲ. ಕಂಪ್ಯೂಟರ್ ಗೇಮುಗಳನ್ನು ಮಾರುವ ಸ್ಟೀಮ್ ಕೂಡ ಆ ವರ್ಷದ ಅಕ್ಟೋಬರ್‌ನಿಂದ ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್ ಎಂದು ಹಣ ಕಟ್ಟುವ ಪುಟದಲ್ಲೇ ಬರೆಯಲು ಶುರುಮಾಡಿತು. ಆದರೂ ಮತ್ತೆ ಮತ್ತೆ ಆಡುವ ಒಂದೆರಡು ಗೇಮುಗಳನ್ನು ಸೇಲಿನಲ್ಲಿ ಕೊಂಡಿಡುವುದು ಬುದ್ಧಿವಂತಿಕೆಯೇ.

ಈಗ ನಿಮ್ಮ ತಮ್ಮನ ವಿಷಯ. ಅವನಿಗೋಸ್ಕರ ಅಲ್ಟಿಮೇಟ್ ಕಟ್ಟುತ್ತಿದ್ದರೆ ಇವತ್ತೇ ನಿಲ್ಲಿಸಿ. ಇಎ ಕಂಪನಿಯ ಹೊಸ ಫುಟ್‌ಬಾಲ್ ಗೇಮ್ ಇಎ ಎಫ್‌ಸಿ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಬರುತ್ತದೆ, ಅಲ್ಟಿಮೇಟ್ ಪಾಸ್‌ನೊಳಗಿನ ಇಎ ಗೇಮುಗಳ ಗಂಟಾದ ಇಎ ಪ್ಲೇಗೆ ಪೂರ್ತಿಯಾಗಿ ಸೇರುವುದು ತಿಂಗಳುಗಟ್ಟಲೆ ತಡವಾಗಿ, ಅಷ್ಟರಲ್ಲಿ ಅವನ ಗೆಳೆಯರೆಲ್ಲ ಮುಂದಿನದ್ದಕ್ಕೆ ಕಾಯುತ್ತಿರುತ್ತಾರೆ. ನವೆಂಬರ್ ಕೊನೆಯ ಸೇಲಿನಲ್ಲಿ ಅದರ ಬೆಲೆ ಸಾಮಾನ್ಯವಾಗಿ ಚೆನ್ನಾಗಿಯೇ ಇಳಿಯುತ್ತದೆ, ಆಗ ಕೊಂಡುಕೊಡಿ. ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡಬೇಕಾದರೆ ಪಾಸ್‌ನ ಎಸೆನ್ಷಿಯಲ್ ಪ್ಲಾನು ಸಾಕು, 2025ರ ಅಕ್ಟೋಬರಿನಲ್ಲಿ ಅದು ತಿಂಗಳಿಗೆ 499 ಇತ್ತು. ಸೋಫಾದಲ್ಲಿ ಕೂತು ನಿಮ್ಮೊಟ್ಟಿಗೆ ಎರಡು ಕಂಟ್ರೋಲರ್ ಹಿಡಿದು ಆಡುವುದಾದರೆ ಅದೂ ಬೇಡ, ಇನ್ನೊಂದು ಕಂಟ್ರೋಲರ್ ಖರ್ಚು ಮಾತ್ರ.