ಕಿಲೋಮೀಟರ್ ಆಗದಿದ್ದರೂ ಆಯಿಲ್ ಬದಲಿಸಬೇಕಾ?

ನಿಮ್ಮ ಪೆಟ್ರೋಲ್ ವ್ಯಾಗನ್ ಆರ್ ವರ್ಷದಲ್ಲಿ 4,000 ಕಿ.ಮೀ. ಮಾತ್ರ ಓಡಿದೆ, ಆಯಿಲ್ ಕಪ್ಪಾಗಿದೆ, ಬದಲಿಸಬೇಕಾ ಅಂತ ಕೇಳಿದ್ದೀರಿ. ಬದಲಿಸಿ ಸರ್. 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲು ಬರುತ್ತೋ ಅದೇ ಲೆಕ್ಕ. ಬರೀ ಮನೆ, ಮಾರ್ಕೆಟ್ ಅಂತ ಓಡುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರಿನಂಶ, ಉರಿಯದ ಪೆಟ್ರೋಲ್ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತವೆ.

ಕಪ್ಪು ಬಣ್ಣಕ್ಕೆ ಸುಮ್ನೆ ಗಾಬರಿ ಬೇಡ. ಮಸಿ ಹಿಡಿದಿಟ್ಟುಕೊಳ್ಳುವುದೂ ಆಯಿಲ್ ಕೆಲಸವೇ ಅಲ್ವಾ. ಮಟ್ಟವಾದ ಜಾಗದಲ್ಲಿ ಇಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ. ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಆಯಿಲ್ ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವೆ ಇರಬೇಕು. ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಮಾತ್ರ ಗಾಡಿ ಸ್ಟಾರ್ಟ್ ಮಾಡಬೇಡಿ. ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) ಸೇರಿರಬಹುದು, ಮೆಕ್ಯಾನಿಕ್‌ಗೆ ಮೊದಲು ತೋರಿಸಿ.